ಮಾಂಸದಂಗಡಿಯವನ ಮನೆಯ ಸೋರೆಕಾಯಿ

ಮಂಗಳವಾರ, ಅಂಗಡಿಗೆ ರಜೆ

ನನ್ನ ದೊಡ್ಡ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಳಿಯಂದಿರಿಗೂ ನಿಮ್ಮತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು ಎಂದು ಬರೆಯಲು ಹೊರಟವನು ಅಲ್ಲೇ ನಿಂತೆ. ಈ ಪತ್ರ ಪೂರ್ತಿ ಓದಿದ ಮೇಲೆ, ತಿಳಿಸಬೇಕು ಅನ್ನಿಸಿದರೆ ತಿಳಿಸು.

ಫೋನ್ ಮಾಡಿದಾಗಲೆಲ್ಲ ನೀನು ಕೆಲಸ ಇದೆ ಅಪ್ಪ ಎಂದು ಇಟ್ಟುಬಿಡುತ್ತೀಯ. ಇಡದಿದ್ದರೂ ನಾನು ಹೇಳುತ್ತಿದ್ದೆನೋ ಇಲ್ಲವೋ. ಗಿರಾಕಿಯ ಮುಖ ನೋಡಿ ಮಾತು ಬದಲಾಯಿಸುವುದು ನನಗೆ ಅಂಗಡಿ ಕಲಿಸಿದ ಚಾಳಿ. ಕಾಗದಕ್ಕೆ ಮುಖವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ದಿನ ಊಟದ ಹೊತ್ತಿನಲ್ಲಿ ಆದದ್ದು ಇನ್ನೂ ನನ್ನ ಕಣ್ಣ ಮುಂದೆಯೇ ಇದೆ. ನಿನ್ನ ಮದುವೆಯಾದ ಮೇಲೆ ನಿಮ್ಮತ್ತೆ ನಮ್ಮ ಮನೆಗೆ ಊಟಕ್ಕೆ ಬಂದದ್ದು ಅದೇ ಮೊದಲು. ಮಾಂಸದಂಗಡಿಯವನ ಮನೆಯ ಊಟ ಎಂದು ಬೆಳಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದವರ ತಟ್ಟೆಗೆ ಸೋರೆಕಾಯಿ, ಬೇಯಿಸಿದ ಕಾಳು, ಸೊಪ್ಪು ಬಿತ್ತು. ಅಳಿಯಂದಿರು ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿ, "ಏನ್ ಮಾವ, ಅಂಗಡೀಲಿರೋದೆಲ್ಲ ಖರ್ಚಾಗೋಯ್ತಾ?" ಎಂದು ನಕ್ಕರು. ನಿಮ್ಮತ್ತೆ ನಗಲಿಲ್ಲ. ನೀನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ನೀನು ಅಮ್ಮನಿಗೆ ಅಂದದ್ದು ಗೋಡೆಯ ಈಚೆ ನಮಗೆಲ್ಲ ಕೇಳಿಸಿತು. "ಒಂದು ದಿನಕ್ಕಾದ್ರೂ ನನ್ನ ಮಾನ ಉಳಿಸಬಾರದಿತ್ತಾ? ನಿನಗೆ ಸೇರಲ್ಲ ಅಂತ ಮನೆಮಂದಿಯೆಲ್ಲ ಹುಲ್ಲು ತಿನ್ನಬೇಕಾ?" ಅವಳು ಸೊಪ್ಪಿನ ಪಾತ್ರೆ ಹಿಡಿದು ಬಂದು ಮತ್ತೆ ಬಡಿಸಿದಳು. ನಾನು ತಟ್ಟೆ ನೋಡುತ್ತ ಕೂತಿದ್ದೆ.

ನೀನು ಅಂದುಕೊಂಡಂತೆ ಅದು ಅಮ್ಮನ ಹಟವಲ್ಲ, ಜಿಪುಣತನವೂ ಅಲ್ಲ. ನೀವು ಬರುವುದಕ್ಕೆ ಕೆಲವು ತಿಂಗಳ ಮೊದಲು ನಿಮ್ಮಮ್ಮನಿಗೆ ಎದೆ ಹಿಡಿದುಕೊಂಡಂತಾಗಿ, ಎಡಗೈ ಜೋಮು ಹಿಡಿದು, ಆಸ್ಪತ್ರೆಗೆ ಹೋಗಿಬಂದೆವು. ಡಾಕ್ಟರಮ್ಮ ನಿನ್ನಷ್ಟೇ ವಯಸ್ಸಿನವರು. ರಕ್ತನಾಳ ಕಿರಿದಾಗಿದೆ, ಮಾತ್ರೆ ಕೊಡುತ್ತೇನೆ, ಆದರೆ ಮಾತ್ರೆಗಿಂತ ತಟ್ಟೆ ಬದಲಾಗಬೇಕು ಎಂದರು. ಮಾಂಸ ವಾರಕ್ಕೊಮ್ಮೆ ಸಾಕು, ಅದೂ ಕೊಬ್ಬು ತೆಗೆದದ್ದು. ಉಳಿದ ದಿನ ಕಾಳು, ಬೇಳೆ, ತರಕಾರಿ. "ಒಬ್ಬರಿಗೆ ಮಾತ್ರ ಬೇರೆ ಅಡುಗೆ ಮಾಡಿದ್ರೆ ಹೆಚ್ಚು ದಿನ ನಡೆಯಲ್ಲ. ಮನೆಯವರೆಲ್ಲ ಬದಲಾಗಿ" ಎಂದರು. ನನ್ನ ಕಡೆ ತಿರುಗಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ನಾನು ವ್ಯಾಪಾರ ಎಂದೆ. ಏನು ವ್ಯಾಪಾರ ಎಂದು ಅವರು ಕೇಳಲಿಲ್ಲ, ಪುಣ್ಯಕ್ಕೆ.

ಅಡುಗೆಯ ಹೊಣೆ ನಾನೇ ಹೊತ್ತೆ. ನಗಬೇಡ. ಕಣ್ಣು ಮುಚ್ಚಿಕೊಂಡು ಕೀಲು ಬಿಡಿಸುವ ಕೈಗೆ ಸೋರೆಕಾಯಿಯ ಸಿಪ್ಪೆ ತೆಗೆಯಲು ಬರಲಿಲ್ಲ. ಅರ್ಧ ಕಾಯಿ ಸಿಪ್ಪೆಯ ಜೊತೆಗೇ ಹೋಯಿತು. ಕಾಳು ನೆನೆಹಾಕಬೇಕೆಂದು ಗೊತ್ತಿರದೆ ಹಾಗೇ ಬೇಯಿಸಿದೆ. ಗುಬ್ಬಿ ಬಾಯಿಗೆ ಹಾಕಿಕೊಂಡು, "ಅಪ್ಪ, ಇದು ತಿನ್ನೋಕಾ, ಗೋಲಿ ಆಡೋಕಾ?" ಎಂದು ಕೇಳಿದಳು. ನಿನ್ನ ತಂಗಿಯ ಬಾಯಿ ನಿನಗೆ ಗೊತ್ತಲ್ಲ. ಆಮೇಲೆ ಕೀಮಾದಲ್ಲಿ ಬೇಳೆ ಬೆರೆಸಿದೆ, ಮೊದಲು ಸ್ವಲ್ಪ, ಆಮೇಲೆ ಅರ್ಧಕ್ಕರ್ಧ. ಅದನ್ನೂ ಅವಳೇ ಕಂಡುಹಿಡಿದಳು. ಆದರೂ ತಿಂದಳು. ಬರಬರುತ್ತ ನನ್ನ ಕೈ ಪಳಗಿತು. ಒಂದು ದಿನ ಅಮ್ಮ, ಗುಬ್ಬಿ ಇಬ್ಬರೂ ಪಾತ್ರೆಯ ತಳ ಕೆರೆದು ತಿಂದದ್ದನ್ನು ನೋಡಿ ನನಗೆ ಕಣ್ಣು ತುಂಬಿತು.

ಮನೆಯೊಳಗಿನ ಕಥೆ ಹೀಗೆ ಚೆನ್ನಾಗಿಯೇ ಇತ್ತು. ಬೀದಿಯಲ್ಲಿ ಮಾತ್ರ ನಾನು ಕಳ್ಳನಾದೆ. ನಮ್ಮ ಬೀದಿಯ ತರಕಾರಿಯವಳ ಹತ್ತಿರ ಕೊಂಡರೆ ಸಂಜೆಯೊಳಗೆ ಊರೆಲ್ಲ ಸುದ್ದಿ ಎಂದು ರೈಲ್ವೆ ಗೇಟಿನಾಚೆ ಹೋಗಿ ತರುತ್ತಿದ್ದೆ. ಚೀಲದ ತಳದಲ್ಲಿ ಬೀನ್ಸು, ಸೊಪ್ಪು. ಮೇಲೆ ಪೇಪರು, ಅದರ ಮೇಲೆ ಕಾಣುವಂತೆ ಎರಡು ಮೂಳೆ. ಮನೆಗೆ ಬಂದ ಮೇಲೆ ಆ ಮೂಳೆ ಹಿಂದಿನ ಗಲ್ಲಿಯ ನಾಯಿಗೆ. ತನ್ನ ಅಂಗಡಿಯ ಮಾಲನ್ನು ತಾನೇ ತಿನ್ನದವನ ಹತ್ತಿರ ಯಾರು ಕೊಳ್ಳುತ್ತಾರೆ ಎಂಬುದು ನನ್ನ ಭಯ. ಬರೀ ವ್ಯಾಪಾರದ ಭಯವೂ ಅಲ್ಲ, ಮಗಳೇ. ನಗುತ್ತಾರಲ್ಲ, ಅದು.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ.

ನಮ್ಮ ಬಸ್ ಡ್ರೈವರ್ ಇದ್ದಾನಲ್ಲ, ನಿನ್ನನ್ನು ಶಾಲೆಗೆ ಕರೆದೊಯ್ಯುತ್ತಿದ್ದವನು, ಹಾರ್ನ್ ಹೊಡೆದು ಹೊಡೆದು ನಿನ್ನನ್ನು ಎಬ್ಬಿಸುತ್ತಿದ್ದವನು. ಶನಿವಾರ ಬಂದರೆ ಎದೆಭಾಗದ ಕೊಬ್ಬಿನ ತುಂಡು ಅವನಿಗೇ ಎತ್ತಿಡಬೇಕು. ನೀವು ಬಂದುಹೋದ ಮಾರನೆಯ ವಾರ ಅವನು ಬಂದು, ಬೇರೆ ಗಿರಾಕಿಗಳೂ ನಿಂತಿರುವಾಗ, ಕೌಂಟರಿಗೆ ಮೊಣಕೈ ಊರಿ ತಗ್ಗಿದ ದನಿಯಲ್ಲಿ ಕೇಳಿದ. "ಅಣ್ಣಾ, ಡಿಪೋದಲ್ಲಿ ಚೆಕಪ್ ಮಾಡಿಸಿದ್ರು. ಬಿಪಿ, ಕೊಲೆಸ್ಟ್ರಾಲು ಎಲ್ಲ ಇದೆಯಂತೆ. ಇದನ್ನ ಕಮ್ಮಿ ಮಾಡು ಅಂತಾರೆ. ನಿಮಗೆ ಗೊತ್ತಿರುತ್ತಲ್ಲ, ನೀವೇನಂತೀರಿ?"

ನನಗೆ ಗೊತ್ತಿತ್ತು. ಡಾಕ್ಟರಮ್ಮ ಹೇಳಿದ ಒಂದೊಂದು ಮಾತೂ ಬಾಯಿಪಾಠವಾಗಿತ್ತು. ಆದರೆ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕತ್ತಿ ಮಸೆಯುತ್ತ ದೊಡ್ಡದಾಗಿ ನಕ್ಕು, "ಡಾಕ್ಟರ್ ಮಾತು ಕೇಳ್ತಾ ಕೂತ್ರೆ ನೀರು ಕುಡಿಯೋದನ್ನೂ ಬಿಡಬೇಕಾಗುತ್ತೆ. ನಮ್ಮ ಮನೇಲಿ ದಿನಾ ಇದೇ ನಡೆಯೋದು. ನನಗೇನಾಗಿದೆ ನೋಡು, ಗುಂಡುಕಲ್ಲು! ತಗೊಂಡೋಗಿ ತಿನ್ನು, ಏನೂ ಆಗಲ್ಲ" ಎಂದೆ.

ಗುಬ್ಬಿ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ತಲೆ ಎತ್ತಿ, "ಇಲ್ಲ ಮಾಮ, ನಮ್ಮನೇಲಿ ಭಾನುವಾರ ಮಾತ್ರ ಮಾಂಸ ಮಾಡೋದು. ಅಮ್ಮಂಗೆ ಎದೆನೋವು ಬಂದಿತ್ತು, ಅದಕ್ಕೆ" ಎಂದಳು.

ಸಾಲಿನವರೆಲ್ಲ ಅವಳ ಕಡೆ ತಿರುಗಿದರು. ಆಗಲಾದರೂ ಹೌದು ಎನ್ನಬಹುದಿತ್ತು. ಮಗು ನನಗೆ ಬಾಗಿಲು ತೆರೆದುಕೊಟ್ಟಿತ್ತು. ನಾನು ಅವಳ ಕಡೆ ಕೈ ತೋರಿಸಿ, "ಇದಕ್ಕೆ ಸುಳ್ಳು ಹೇಳೋದೇ ಒಂದು ಆಟ. ಯಾರ ಬುದ್ಧಿ ಬಂತೋ!" ಎಂದೆ. ಎಲ್ಲರೂ ನಕ್ಕರು. ಡ್ರೈವರ್ ಕೂಡ ಸಮಾಧಾನವಾದವನಂತೆ ನಕ್ಕ. ಅರ್ಧ ಕಿಲೋ ಜಾಸ್ತಿಯೇ ಕೊಂಡ. ಗುಬ್ಬಿ ಅಳಲಿಲ್ಲ. ಪುಸ್ತಕ ಮುಚ್ಚಿ, ಪೆನ್ಸಿಲ್ ಡಬ್ಬಿ ಎತ್ತಿಕೊಂಡು, ಗಿರಾಕಿಗಳ ನಡುವೆ ನುಸುಳಿ ಹೊರಗೆ ಹೋದಳು. ಅಂದಿನಿಂದ ಅವಳು ಅಂಗಡಿಗೆ ಬರಲಿಲ್ಲ. ಪಕ್ಕದ ದರ್ಜಿಯಮ್ಮನ ಹೊಲಿಗೆ ಯಂತ್ರದ ಬದಿಯಲ್ಲಿ ಕೂತು ಓದತೊಡಗಿದಳು. ಮನೆಯಲ್ಲಿ ನಾನು ಬಡಿಸಿದ್ದನ್ನು ತಿಂದು ಏಳುತ್ತಿದ್ದಳು, ಒಂದು ತಮಾಷೆಯ ಮಾತಿಲ್ಲದೆ.

ಮುಂದಿನ ತಿಂಗಳು ಡ್ರೈವರ್ ಡಿಪೋದಲ್ಲಿ ಬಸ್ಸಿನಿಂದ ಇಳಿದವನು ಎದೆ ಹಿಡಿದುಕೊಂಡು ಮೆಟ್ಟಿಲ ಬಳಿಯೇ ಕುಸಿದ. ಪ್ರಯಾಣಿಕರೆಲ್ಲ ಆಗಲೇ ಇಳಿದುಹೋಗಿದ್ದರು ಎನ್ನುವುದೊಂದೇ ದೇವರ ದಯೆ. ನಾನು ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದವನು ನನ್ನನ್ನು ಕಂಡು, "ಎದೆಭಾಗ ಮೆತ್ತಗಿರುತ್ತೆ ಅಂತಿದ್ರಲ್ಲ ಅಣ್ಣಾ, ನನ್ನದೂ ಮೆತ್ತಗಾಯ್ತು ನೋಡಿ" ಎಂದ. ಅವನ ಹೆಂಡತಿ ನನಗೆ ಕುರ್ಚಿ ಎಳೆದುಕೊಟ್ಟಳು. "ನಾನು ಬೇಡ ಬೇಡ ಅಂತಿದ್ದೆ. ನೀವೇ ಏನೂ ಆಗಲ್ಲ ಅಂದ್ರಂತೆ. ಅಷ್ಟು ತಿಳಿದೋರು ಹೇಳಿದ್ಮೇಲೆ ನಾನು ಯಾಕೆ ಬಾಯಿ ಹಾಕಲಿ ಅಂತ ಸುಮ್ನೆ ಬೇಯಿಸಿ ಹಾಕ್ದೆ" ಎಂದಳು. ದೂರುವ ದನಿಯೇ ಇರಲಿಲ್ಲ. ಆ ಕುರ್ಚಿಯಲ್ಲಿ ಕೂತುಕೊಳ್ಳಲು ನನ್ನಿಂದ ಆಗಲಿಲ್ಲ. ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ಇನ್ನೊಂದು ಸುಳ್ಳು ಹೇಳಿ ಓಡಿಬಂದೆ.

ಆ ಭಾನುವಾರ ದರ್ಜಿಯಮ್ಮನ ಮನೆಯಿಂದ ಗುಬ್ಬಿಯನ್ನು ಕರೆದುಕೊಂಡು ಬಂದು ಅಂಗಡಿಯಲ್ಲಿ ನಿಲ್ಲಿಸಿಕೊಂಡೆ. ಸಾಲು ಬಾಗಿಲಾಚೆಗೂ ಇತ್ತು. ನಾನು ಕತ್ತಿ ಕೆಳಗಿಟ್ಟು ಹೇಳಿದೆ: "ಅವತ್ತು ಸುಳ್ಳು ಹೇಳಿದ್ದು ನನ್ನ ಮಗಳಲ್ಲ, ನಾನು. ನಮ್ಮ ಮನೇಲಿ ಕಾಳು, ತರಕಾರಿ ತಿಂತೀವಿ. ವಾರಕ್ಕೊಂದು ದಿನ ಮಾಂಸ. ಡಾಕ್ಟರ್ ಯಾರಿಗಾದ್ರೂ ಬೇಡ ಅಂದಿದ್ರೆ ಅವರ ಮಾತೇ ಕೇಳಿ, ನನ್ನ ಮಾತು ಕೇಳಬೇಡಿ." ಬಾಗಿಲಾಚೆ ಇದ್ದವರಿಗೆ ಪೂರ್ತಿ ಕೇಳಿಸಿತೋ ಇಲ್ಲವೋ. ಹಿಂದಿನಿಂದ ಒಬ್ಬ, "ಹಾಗಾದ್ರೆ ಇವತ್ತಿನ ಮಾಲು ಕೆಟ್ಟಿದ್ಯಾ?" ಎಂದು ಕೇಳಿದ. ಇಬ್ಬರು ಸಾಲು ಬಿಟ್ಟು ಹೋದರು. ಉಳಿದವರು ನಕ್ಕರು, ನಾನು ಹೆದರಿದ್ದ ಅದೇ ನಗು. ಕೇಳಿಸಿಕೊಂಡೆ. ಆಮೇಲೆ ತೂಕ ಮಾಡತೊಡಗಿದೆ.

ಎಲ್ಲ ಮುಗಿಯಿತು ಎಂದುಕೊಂಡು ಗುಬ್ಬಿಯ ಮುಖ ನೋಡಿದೆ. ಅವಳು ಕೇಳಿದ್ದು ಒಂದೇ. "ಡ್ರೈವರ್ ಮಾಮಂಗೆ ಹೇಳಿದ್ರಾ?"

ಅವನು ಮನೆಗೆ ಬಂದ ಮೇಲೆ ಹೋಗಿ ಹೇಳಿದೆ. ಅವನು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಯೂನಿಫಾರ್ಮು ಒಗೆದು ಮಡಿಚಿ ಕಪಾಟಿನ ಮೇಲಿಟ್ಟಿತ್ತು. ಇನ್ನು ಅವನಿಗೆ ಸ್ಟೀರಿಂಗ್ ಕೊಡುವುದಿಲ್ಲವಂತೆ. ಡಿಪೋದಲ್ಲಿ ಕೂತು ಮಾಡುವ ಕೆಲಸವಂತೆ. ನಾನು ಹೇಳಿ ಮುಗಿಸುವವರೆಗೂ ಕಿಟಕಿಯಾಚೆ ರಸ್ತೆ ನೋಡುತ್ತಿದ್ದ. ಆಮೇಲೆ, "ತಿಂದಿದ್ದು ನನ್ನ ನಾಲಿಗೆ, ಅದನ್ನ ನಿಮ್ಮ ತಲೆಗೆ ಕಟ್ಟಲ್ಲ. ಆದ್ರೆ ಅಣ್ಣಾ, ನೀವು ಬೇಡ ಅಂದಿದ್ರೆ ನಾನು ಬಿಡ್ತಿದ್ದೆ. ಡಾಕ್ಟರ್ ಮಾತಲ್ಲ, ನಿಮ್ಮ ಮಾತು ಅಂತ ಬಿಡ್ತಿದ್ದೆ" ಎಂದ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಈಗ ವಾರಕ್ಕೆ ಒಂದೆರಡು ಸಲ ಅವನ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ನಿಂತು ಕಾಳು, ತರಕಾರಿ ರುಚಿಯಾಗಿ ಬೇಯಿಸುವುದನ್ನು ತೋರಿಸಿಬರುತ್ತೇನೆ. ಅವಳು ಮಾತಾಡುತ್ತಾಳೆ. ಅವನು ಇನ್ನೂ ಅಷ್ಟಾಗಿ ಮಾತಾಡುವುದಿಲ್ಲ.

ಗುಬ್ಬಿ ಮತ್ತೆ ಅಂಗಡಿಗೆ ಬರುತ್ತಾಳೆ, ದಿನಾ ಅಲ್ಲ. ತರಕಾರಿಯನ್ನು ಈಗ ನಮ್ಮ ಬೀದಿಯಲ್ಲೇ, ಚೀಲದ ಬಾಯಿ ತೆರೆದಿಟ್ಟುಕೊಂಡೇ ತರುತ್ತೇನೆ.

ನಿಮ್ಮತ್ತೆಯವರ ಮುಂದೆ ನೀನು ತಲೆ ತಗ್ಗಿಸುವಂತಾಯಿತು. ಅದಕ್ಕೆ ಕಾರಣ ನನ್ನ ಬಾಯಿ. ಹೇಳಬೇಕಾದ ಕಡೆ ಅದು ಹೇಳಲಿಲ್ಲ. ಮತ್ತೆ ಬನ್ನಿ. ಈ ಸಲ ಮುಚ್ಚಳ ಎತ್ತುವ ಮೊದಲೇ ನಾನೇ ಎಲ್ಲ ಹೇಳುತ್ತೇನೆ.

ನಿನ್ನ ಮೇಲೆ ಯಾವ ಕೋಪವೂ ಇಲ್ಲದ, ನಿನಗೆ ಮುಖ ತೋರಿಸಲು ನಾಚುವ,
ನಿನ್ನ ಅಪ್ಪ

ತಾಜಾ ಕಲಂ: ಲಕೋಟೆ ಅಂಟಿಸುವ ಮೊದಲು ನಿಮ್ಮಮ್ಮ ಪತ್ರ ಕೇಳಿ ತೆಗೆದುಕೊಂಡು ಓದಿದಳು. "ಎಲ್ಲ ಸರಿಯಾಗಿದೆ. ಆದ್ರೆ ಅಂಚೇಲೂ ನನ್ನನ್ನೇ ರೋಗಿ ಮಾಡಿ ಕಳಿಸ್ತೀರಾ?" ಎಂದು ಕೇಳಿ ನನ್ನ ಮುಂದಿಟ್ಟು ಹೋದಳು. ಮಗಳೇ, ಅವಳ ಎದೆ ಗಟ್ಟಿಯಾಗಿದೆ. ನೋವು ಬಂದದ್ದು ನನಗೆ. ಮಾಂಸದಂಗಡಿಯವನಿಗೇ ಎದೆನೋವು ಎಂದರೆ ಬೀದಿಯಲ್ಲಿ ತಲೆ ಎತ್ತುವುದು ಹೇಗೆಂದು ನಾನು ಗೋಗರೆದೆ. ಅವಳು ತನ್ನ ಹೆಸರು ಕೊಟ್ಟಳು. ಗುಬ್ಬಿಗೂ ಗೊತ್ತಿಲ್ಲ. ಡ್ರೈವರನಿಗೆ ತಪ್ಪೊಪ್ಪಿಕೊಂಡಾಗಲೂ ಎದೆನೋವು ನನ್ನ ಹೆಂಡತಿಗೆ ಎಂದೇ ಹೇಳಿದೆ. ನೀವು ಬಂದ ದಿನ ಮನೆಗೆ ಮಾಂಸ ತಾರದೆ ಇದ್ದದ್ದು, ಎದುರಿಗಿದ್ದರೆ ನನ್ನ ಕೈ ನಿಲ್ಲುವುದಿಲ್ಲ ಎಂದು. ಇವತ್ತು ಸಂಜೆ ಗುಬ್ಬಿಗೂ ಡ್ರೈವರನಿಗೂ ಹೇಳುತ್ತೇನೆ. ಅಮ್ಮನನ್ನು ಬೈದೆನಲ್ಲ ಎಂದು ನೀನು ಕೊರಗಬೇಡ. ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಗೋಡೆಯ ಈಚೆ ಉಣ್ಣುತ್ತ ಕೂತವನು ನಾನು.