ಎಡೆ ಮುಟ್ಟದ ಕಾಗೆ

ಅವ್ವಾ,

ಆಸ್ಪತ್ರೆಗೆ ಹೊರಟ ಆ ಬೆಳಿಗ್ಗೆ ರಿಕ್ಷಾ ಬಾಗಿಲಲ್ಲಿ ಬಂದು ನಿಂತಿತ್ತು. ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ ನೀನು ರಿಕ್ಷಾದ ಕಡೆ ಬರದೆ ಹಿತ್ತಲ ಕಡೆ ತಿರುಗಿದೆ. ಕರಿ ಕೋಳಿ ಕಾವಿಗೆ ಕೂತಿತ್ತಲ್ಲ, ಅದಕ್ಕೆ ನೀರಿಡಬೇಕಿತ್ತಂತೆ. ನಾನು ರಟ್ಟೆ ಹಿಡಿದು ಎಳೆದುಕೊಂಡೇ ಬಂದು ಕೂರಿಸಿದೆ. ದಾರಿಯುದ್ದಕ್ಕೂ ನಿನ್ನದು ಒಂದೇ ಮಾತು: ಕಾವಿನ ಬುಟ್ಟಿ ಯಾರೂ ಕದಲಿಸಬಾರದು, ತತ್ತಿ ತಣ್ಣಗಾದರೆ ಮರಿ ಒಳಗೇ ಸಾಯುತ್ತದೆ. ಸಾಯಲು ಹೊರಟವಳು ಮಗಳಿಗೆ ಹೇಳುವ ಮಾತೇ ಇದು? ಎರಡು ದಿನಕ್ಕೆ ನೀನು ಹೋದೆ. ನನಗೆಂದು ಒಂದು ಮಾತೂ ಆಡದೆ ಹೋದೆಯಲ್ಲ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನೀನು ಯಾದಗಿರಿಯಿಂದ ರೈಲಿನಲ್ಲಿ ಮೊದಲ ಜೋಡಿ ಜವಾರಿ ಕೋಳಿ ತಂದ ದಿನ ನೆನಪಿದೆಯೆ? ಇಟ್ಟಿಗೆ ಹೊತ್ತು ಹೊತ್ತು ಮೊಣಕಾಲು ಸವೆದು, ಇನ್ನು ಕಟ್ಟಡದ ಕೆಲಸ ಆಗುವುದಿಲ್ಲ ಎಂದು ಮನೆಯಲ್ಲಿ ಕೂತ ವರ್ಷ ಅದು. ಸೀಟಿನ ಕೆಳಗೆ ಚೀಲದಲ್ಲೇ ಒಂದು ತತ್ತಿ ಇಟ್ಟಿತ್ತೆಂದು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಪುಣೆಯ ಕೊಂಢವಾ ಅನ್ನುವ ಈ ಜಾಗದಲ್ಲಿ, ಸುತ್ತ ಬಿಲ್ಡಿಂಗುಗಳು ಏಳುತ್ತಿರುವಾಗ, ನಮ್ಮ ತಗಡಿನ ಮನೆಯ ಹಿಂದಿನ ಅಂಗೈಯಗಲ ಹಿತ್ತಲಲ್ಲಿ ಕೋಳಿ ಸಾಕುತ್ತಾಳಂತೆ ಎಂದು ನಾನು ನಕ್ಕಿದ್ದೆ. ನೀನು ಹೆಗ್ಗಣದ ಬಿಲಕ್ಕೆ ಗಾಜಿನ ಚೂರು ತುಂಬಿ ಸಿಮೆಂಟು ಮೆತ್ತಿದೆ. ಹೇನು ಹಿಡಿಯಬಾರದೆಂದು ಮೂಲೆಯಲ್ಲಿ ಬೂದಿ ಸುರಿದೆ, ಅವು ಅದರಲ್ಲಿ ಹೊರಳಾಡಿದವು. ಕೋಳಿಬೇನೆ ಬರುವ ಕಾಲಕ್ಕೆ ಮೊದಲೇ ದನದ ದವಾಖಾನೆಗೆ ಹೋಗಿ ಕಣ್ಣಿಗೆ ಬಿಡುವ ಲಸಿಕೆ ತಂದೆ. ಸಂಜೆ ಒಂದು ತಲೆ ಕಡಿಮೆಯಾದರೂ ನಮಗೆ ಊಟವಿರುತ್ತಿರಲಿಲ್ಲ.

ಕಾಗೆ ಎಂದರಂತೂ ನಿನಗೆ ಹುಟ್ಟಾ ವೈರ. ನೀನು ಹಗ್ಗ ಕಟ್ಟಿ ಹೊಳೆಯುವ ಹಳೆಯ ಸೀಡಿ ನೇತುಹಾಕಿದ್ದೆ, ಕರಿ ಚೀಲ ಹರಿದು ಕಟ್ಟಿದ್ದೆ, ಬಾಗಿಲ ಪಕ್ಕ ಒಂದು ಡಬ್ಬಿ ಕಲ್ಲು ಸದಾ ಇರುತ್ತಿತ್ತು. ಇಷ್ಟು ವರ್ಷ ಪುಣೆಯಲ್ಲಿದ್ದರೂ ಮರಾಠಿ ಮಾತಾಡಲು ನಾಚುತ್ತಿದ್ದ ನೀನು ಕಾಗೆಗೆ ಮಾತ್ರ ‘ಚಲ್ ನಿಘ್’ ಎಂದು ಮರಾಠಿಯಲ್ಲೇ ಬೈಯುತ್ತಿದ್ದೆ. ಈ ಊರಿನ ಕಾಗೆಗೆ ಕನ್ನಡ ಎಲ್ಲಿ ತಿಳಿಯಬೇಕು ಎನ್ನುತ್ತಿದ್ದೆ.

ನಿನ್ನನ್ನು ಮಣ್ಣು ಮಾಡಿ ಬಂದ ಸಂಜೆಯೇ ಅಣ್ಣ ಮಾತು ತೆಗೆದ. ಗಂಡನನ್ನು ಬಿಟ್ಟು ಬಂದ ತಂಗಿ ಒಬ್ಬಳೇ ಇಲ್ಲಿರುವುದು ಬೇಡ, ಚಿಂಚವಾಡದ ತನ್ನ ಮನೆಗೆ ಬರಲಿ, ಈ ಮನೆಗೆ ಬೀಗ ಹಾಕೋಣ ಎಂದ. ಅವನ ಮನೆ ಮೂರನೆಯ ಮಾಳಿಗೆ. ಕೋಳಿಗಳನ್ನು ಚಿಕನ್ ಅಂಗಡಿಯವನಿಗೆ ಕೊಡಲು ಆಗಲೇ ಮಾತಾಡಿದ್ದ, ನಿನಗೆ ಎಡೆ ಇಟ್ಟ ಮರುದಿನ ಬಂದು ಒಯ್ಯುತ್ತಾನಂತೆ. ನಾನು ಬೆಳಿಗ್ಗೆ ಮನೆಮನೆಗೆ ಹೋಗಿ ಚಪಾತಿ ಲಟ್ಟಿಸಿ ಬರುವ ಹೊತ್ತಿಗೆ ಮಧ್ಯಾಹ್ನ. ಅಲ್ಲಿಯವರೆಗೆ ಇವನ್ನು ಯಾರು ಕಾಯಬೇಕು? ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಮರಿ ಚೀಂವ್ ಎಂದದ್ದು ನನಗೆ ಕೇಳಿಸಿದ್ದು ನೀನು ಹೋದ ವಾರಕ್ಕೆ, ಒಲೆ ಹಚ್ಚುವಾಗ. ಓಡಿಹೋಗಿ ನೋಡಿದರೆ ಕರಿ ಕೋಳಿಯ ರೆಕ್ಕೆಯ ಸಂದಿಯಿಂದ ಒಂದು ತಲೆ ಇಣುಕುತ್ತಿತ್ತು. ಒಂದು ತತ್ತಿ ಕೊಳೆತದ್ದು ಬಿಟ್ಟರೆ ಎಲ್ಲ ಒಡೆದವು ಅವ್ವಾ. ನೀನು ಬೆಳಕಿಗೆ ಹಿಡಿದು ನೋಡಿ ಆರಿಸಿಟ್ಟ ತತ್ತಿಗಳು, ಸುಳ್ಳಾಗಲಿಲ್ಲ. ‘ಅವ್ವಾ, ಒಡದಾವ್ ನೋಡು’ ಎಂದು ಒಳಗೆ ತಿರುಗಿ ಕೂಗಿಯೇಬಿಟ್ಟೆ. ಆಮೇಲೆ ಅಲ್ಲೇ ಬೂದಿಯಲ್ಲಿ ಕೂತುಬಿಟ್ಟೆ. ಇನ್ನು ನಾಲ್ಕು ದಿನಕ್ಕೆ ಇವು ತಾಯಿಯ ಜೊತೆ ಅಂಗಡಿಯವನ ಜಾಲರಿಯೊಳಗೆ...

ಎಡೆಯ ದಿನ ಊರಿನಿಂದ ನಿನ್ನ ತಂಗಿ ಬಂದಿದ್ದಳು. ಚಿಗವ್ವನ ಕಣ್ಣು ಮೊದಲು ಬಿದ್ದದ್ದು ಕೆಂಪು ಹುಂಜದ ಮೇಲೆ. ಮನೆಯಲ್ಲೇ ಜವಾರಿ ಇರುವಾಗ ಅಕ್ಕನ ಎಡೆಗೆ ಹೊರಗಿನಿಂದ ಯಾಕೆ ತರಬೇಕು ಎಂದಳು. ನೀನು ಅಂಗಡಿಯ ಬ್ರಾಯ್ಲರ್ ಚಪ್ಪರಿಸಿ ತಿನ್ನುತ್ತಿದ್ದವಳು, ಆದರೆ ಕೈಯಾರೆ ಕಾಳು ಹಾಕಿದ್ದನ್ನು ಎಂದೂ ಬಾಯಿಗಿಟ್ಟವಳಲ್ಲ. ಅದನ್ನು ಹೇಳಿದರೆ ಯಾರು ನಂಬುತ್ತಾರೆ? ನಾನು ಹುಂಜವನ್ನು ಕಂಕುಳಲ್ಲಿ ಹಿಡಿದು ನಿಂತೆ. ಕೊನೆಗೆ ಅಣ್ಣ ಗೊಣಗುತ್ತ ಅಂಗಡಿಗೆ ಹೋದ. ಆಮೇಲೆ ಚಿಗವ್ವ ಹಿತ್ತಲನ್ನು ಸಜ್ಜು ಮಾಡಲು ನಿಂತಳು. ಕಾಗೆ ಬೆದರಬಾರದಲ್ಲ, ಸೀಡಿ ಬಿಚ್ಚಿಸಿದಳು, ಚೀಲ ಬಿಚ್ಚಿಸಿದಳು, ಕಲ್ಲಿನ ಡಬ್ಬಿ ಒಳಗಿಡಿಸಿದಳು. ಮರಿಗಳ ಮೇಲೆ ನಾನು ಮುಚ್ಚಿದ್ದ ಬುಟ್ಟಿಯನ್ನೂ, ಎಡೆ ಇಡುವ ಜಾಗ ಸಾರಿಸಬೇಕೆಂದು ಎತ್ತಿ ಗೋಡೆಗೆ ಒರಗಿಸಿದಳು. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

ಎಲೆಯ ಮೇಲೆ ನಿನಗೆ ಇಷ್ಟವಾದದ್ದೆಲ್ಲ ಇಟ್ಟೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೋಳಿ ಸಾರು, ಒಂದು ಕಪ್ ಚಹಾ. ಎಲ್ಲರೂ ಒಳಗೆ ಸರಿದು ಬಾಗಿಲ ಸಂದಿಯಿಂದ ನೋಡುತ್ತ ನಿಂತೆವು. ಒಂದು ಕಾಗೆಯೂ ಬರಲಿಲ್ಲ. ಎಲ್ಲಿಂದ ಬಂದಾವು? ಇಷ್ಟು ವರ್ಷ ನೀನು ಕಲಿಸಿದ ಪಾಠ ಅವು ಮರೆಯುತ್ತವೆಯೆ? ಅಕ್ಕನಿಗೆ ಏನೋ ಆಸೆ ಉಳಿದಿದೆ, ಮಾತು ಕೊಡು ಎಂದಳು ಚಿಗವ್ವ. ಅಣ್ಣ ಕೈಮುಗಿದ. ತಂಗಿಯನ್ನು ನೋಡಿಕೊಳ್ಳುತ್ತೇನೆ ಅಂದ, ವರ್ಷಾ ವರ್ಷಾ ಎಡೆ ಇಡುತ್ತೇನೆ ಅಂದ, ಊರ ದೇವರಿಗೆ ನಿನ್ನ ಹೆಸರಿನಲ್ಲಿ ಸೀರೆ ಉಡಿಸುತ್ತೇನೆ ಅಂದ. ಕಾಗೆ ಬರಲಿಲ್ಲ. ನಿನ್ನ ಆಸೆ ಯಾವುದೆಂದು ನನಗೆ ಗೊತ್ತಿತ್ತು. ಅವನೆದುರು ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಆಗ ಬಂತು, ಪಕ್ಕದ ಮನೆಯ ನೀರಿನ ಟಾಕಿಯ ಮೇಲಿನಿಂದ. ಬಂದಳು ಬಂದಳು ಎಂದು ಚಿಗವ್ವ ಸೆರಗು ಹೊದ್ದು ಕೈಮುಗಿದಳು. ಕಾಗೆ ಎಲೆಯ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಮೂಲೆಗೆ ಎರಗಿ ಒಂದು ಮರಿಯನ್ನು ಕಚ್ಚಿಕೊಂಡು ಎದ್ದಿತು. ಕರಿ ಕೋಳಿ ಆಳೆತ್ತರಕ್ಕೆ ಹಾರಿತು, ಸಿಗಲಿಲ್ಲ. ನಾನು ಯಾವಾಗ ಹೊರಗೆ ಓಡಿದೆನೋ, ಕಲ್ಲು ಎಲ್ಲಿ ಸಿಕ್ಕಿತೋ ತಿಳಿಯದು. ಬೀಸಿದ ಏಟಿಗೆ ಅದು ಮರಿಯನ್ನು ನಮ್ಮ ತಗಡಿನ ಮೇಲೆ ಬೀಳಿಸಿ ಹೋಯಿತು.

‘ಯಾರಿಗಿ ಕಲ್ಲ ಒಗದಿ, ಹುಚ್ಚಿ? ನಿಮ್ಮವ್ವ ಬಂದಿದ್ಳು’ ಎಂದು ಚಿಗವ್ವ ಎದೆ ಬಡಿದುಕೊಂಡಳು.

‘ನಮ್ಮವ್ವ ಮರಿ ಒಯ್ಯಂಗಿಲ್ಲ’ ಅಂದೆ.

ಅಣ್ಣ ಕುರ್ಚಿ ಹತ್ತಿ ಮರಿಯನ್ನು ಇಳಿಸಿ ನನ್ನ ಕೈಗೆ ಕೊಟ್ಟ. ಈ ಗಲಾಟೆಯಲ್ಲಿ ಎಡೆಯ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ತಿರುಗಿ ನೋಡಿದರೆ ನಿನ್ನ ಸಂಸಾರವೆಲ್ಲ ಎಲೆಯ ಸುತ್ತ ಪಂಕ್ತಿ ಕೂತಿತ್ತು. ಕೆಂಪು ಹುಂಜ ರೊಟ್ಟಿ ಹರಿಯುತ್ತಿತ್ತು, ಇನ್ನೊಂದು ಚಹಾ ಚೆಲ್ಲಿ ಹಿಂಡಿಗೆ ಬಾಯಿ ಹಾಕಿತ್ತು. ಎಡೆ ಎಂಜಲಾಯಿತು, ಅಕ್ಕ ಉಪವಾಸ ಹೋದಳು ಎಂದು ಚಿಗವ್ವ ಓಡಿಸಲು ಹೊರಟಳು. ಅಣ್ಣ ಅಡ್ಡ ಬಂದ.

‘ಆಕಿಗಿ ಮುಟ್ಯಾದ ಬಿಡು, ಚಿಗವ್ವ. ಇವಕ್ಕ ಹಾಕಲಾರ್ದ ಆಕಿ ಎಂದಾರ ಉಂಡಾಳೇನು?’

ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿ ನಿಂತ. ನಿನ್ನ ಮಗ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುದಿನ ಅಂಗಡಿಯವನಿಗೆ ತಾನೇ ಫೋನು ಮಾಡಿ ಬೇಡ ಎಂದ, ಮನೆಗೆ ಬೀಗ ಹಾಕುವ ಮಾತನ್ನೂ ಬಿಟ್ಟ. ಈಗ ರಜೆಯ ದಿನ ಬಂದು ಹಿತ್ತಲಿಗೆಲ್ಲ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಯುತ್ತಿದ್ದಾನೆ. ಅರ್ಧ ಆಗಿದೆ, ಸೊಟ್ಟವೂ ಆಗಿದೆ. ನಾನು ಬೆಳಿಗ್ಗೆಯ ಎರಡು ಮನೆ ಬಿಟ್ಟು ಸಂಜೆಯವನ್ನು ಹಿಡಿದಿದ್ದೇನೆ.

ಆ ಮರಿ ಉಳಿಯಲಿಲ್ಲ ಅವ್ವಾ, ನಿನ್ನ ಹತ್ತಿರ ಯಾಕೆ ಸುಳ್ಳು ಹೇಳಲಿ? ಅರಿಶಿನ ಹಚ್ಚಿ ಒಲೆಯ ಪಕ್ಕ ಹತ್ತಿಯಲ್ಲಿಟ್ಟಿದ್ದೆ, ಬೆಳಗಾಗುವಷ್ಟರಲ್ಲಿ ತಣ್ಣಗಾಗಿತ್ತು. ನಿನ್ನನ್ನು ಎತ್ತಿಕೊಂಡು ಹೋಗುವಾಗ ಕಲ್ಲಿನಂತೆ ನಿಂತಿದ್ದವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತೆ. ಚಿಗವ್ವನೂ ಬಂದು ಪಕ್ಕ ಕೂತಳು. ಉಳಿದವು ಎಲ್ಲ ಇವೆ, ರೆಕ್ಕೆ ಮೂಡುತ್ತಿವೆ.

ಈಗ ದಿನಾ ಬೆಳಿಗ್ಗೆ ಟಾಕಿಯ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಕೂಗುವುದಿಲ್ಲ, ಸುಮ್ಮನೆ ಹಿತ್ತಲು ನೋಡುತ್ತದೆ. ಅದೇ ಕಾಗೆಯೋ, ಬೇರೆಯದೋ, ಇಲ್ಲಾ ಚಿಗವ್ವ ಅಂದಂತೆ... ಮೊದಮೊದಲು ಎತ್ತಿದ ಕೈ ಹಾಗೇ ನಿಂತುಬಿಡುತ್ತಿತ್ತು. ಈಗ ಗೋಡೆಯ ಮೇಲೆ ಒಂದು ತುಂಡು ರೊಟ್ಟಿ ಇಡುತ್ತೇನೆ. ನೀನೇ ಆಗಿದ್ದರೆ ತಿಂದು ಹೋಗು, ಬೇಕಾದಷ್ಟು ಹೊತ್ತು ಕೂತು ಹೋಗು. ಆದರೆ ಮರಿಗಳ ಕಡೆ ಇಳಿದೆಯೋ, ನೀನೇ ಆಗಿದ್ದರೂ ಸರಿ ಅವ್ವಾ, ಕಲ್ಲು ಬೀಸುತ್ತೇನೆ.

ನಿನ್ನ ಮಗಳು,
ರೇಣುಕಾ