ಪಂಚಮಿಯಲ್ಲಿ ಅಕ್ಕನ ಪಾಲು

ಚಂದ್ರಕ್ಕಾ,

ನೀನು ತೀರಿಕೊಂಡ ಮೇಲೆ ಇದು ಮೊದಲ ನಾಗರಪಂಚಮಿ. ಬೆಳಿಗ್ಗೆ ಸೊಸೆ ಕಾಂಚನಾ ಮತ್ತು ಮೊಮ್ಮಗಳ ಜೊತೆ ಬಸ್ಸಿನಲ್ಲಿ ಈ ಪರನಾಡಿನ ಮಹಾಪೆ ಬಡಾವಣೆಗೆ ಹೋಗಿ, ಅರಳಿಕಟ್ಟೆಯ ನಾಗಪ್ಪನಿಗೆ ಹಾಲೆರೆದೆ. ದೇವರ ಪಾಲು, ಊರಲ್ಲಿರುವ ಅವ್ವನ ಪಾಲು, ತಮ್ಮನ ಪಾಲು ಎಂದು ಒಬ್ಬೊಬ್ಬರ ಹೆಸರಿಗೂ ಎರೆದೆ. ನನ್ನ ಮಗನ ಮದುವೆಗೆ ಬರಲಿಲ್ಲವೆಂಬ ಸಿಟ್ಟಿಗೆ ಐದು ವರ್ಷ ನಿನ್ನ ಪಾಲು ಬಿಟ್ಟಿದ್ದೆ. ಈ ಸಲ, "ನಮ್ಮ ಚಂದ್ರಕ್ಕನ ಪಾಲು" ಎಂದೆ.

"ಅತ್ತಿ, ಸತ್ತವ್ರ ಪಾಲು ಎರೀತಾರೇನ್ರಿ? ಇದ್ದವ್ರು ಚಂದ ಇರ್ಲಿ ಅಂತ ಎರಿಯೂದಲ್ರಿ ಇದು!" ಎಂದಳು ಕಾಂಚನಾ.

"ಗೊತ್ತದವ್ವಾ" ಎಂದು ಎರೆದೇಬಿಟ್ಟೆ.

"ಚಂದ್ರಕ್ಕಾ ಕೌನ್, ಆಜಿ?" ಎಂದಿತು ಮಗು. ನಮ್ಮ ಮನೆಯಲ್ಲಿ ಅದು ನಿನ್ನ ಹೆಸರನ್ನೇ ಕೇಳಿರಲಿಲ್ಲ.

"ನಮ್ಮಕ್ಕ."

"ಕಿಧರ್ ಹೈ?"

ನಾಗಪ್ಪನ ಮುಂದೆಯೇ ಸುಳ್ಳು ಹೇಳಿದೆ, ಅಕ್ಕಾ. "ಊರಾಗ ಅದಾಳ" ಎಂದೆ.