ಅಪ್ಪ ಕೇಳುವ ನೀರು

ವಿಜಯನಗರ
೧೬ ಏಪ್ರಿಲ್ ೨೦೨೫

ಪ್ರೀತಿಯ ಭೈರೇಶ,

ಒಂದು ಮಾತನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಪತ್ರದ ಕೊನೆ ಮುಟ್ಟುವಷ್ಟರಲ್ಲಿ ಧೈರ್ಯ ಬಂದೀತು. ಅಲ್ಲಿಯವರೆಗೆ ಬೇರೆ ಸುದ್ದಿ ಓದುತ್ತಿರು. ನಿನ್ನ ಬೆನ್ನುನೋವು ಹೇಗಿದೆ? ಚೈತ್ರ, ಪುಟ್ಟ ಸ್ಪಂದನ ಚೆನ್ನಾಗಿದ್ದಾರಾ? ಫೋನ್ ಮಾಡಿದರೆ "ಮೀಟಿಂಗಲ್ಲಿದೀನಿ ಅಕ್ಕ" ಅನ್ನುತ್ತೀಯ, ಅದಕ್ಕೇ ಈ ಪತ್ರ. ಮನೆಗೆ ಕಳಿಸಿದರೆ ನಿನ್ನ ಅತ್ತೆ ಒಡೆದು ಓದಿಯಾರೆಂದು ಲಕೋಟೆಯ ಮೇಲೆ ಆಫೀಸಿನ ವಿಳಾಸ ಬರೆದಿದ್ದೇನೆ. ಅವರಿಗೆ ನಮ್ಮ ಜಾತಿ ತಿಳಿಯಬಾರದೆಂದು ನೀನು ಮುಚ್ಚಿಡುತ್ತಿದ್ದೀಯ, ಈಗ ನಾನೂ ಅದಕ್ಕೇ ಸಹಾಯ ಮಾಡುತ್ತಿದ್ದೇನಲ್ಲವೇ?

ಭಾನುವಾರ ಬಸವೇಶ್ವರನಗರದಲ್ಲಿ ಅಪ್ಪನ ಸನ್ಮಾನ ಚೆನ್ನಾಗಿ ಆಯಿತು. ಲಗ್ಗೆರೆಯಿಂದ, ಕೆಂಗೇರಿಯಿಂದ ಜನ ಬಂದಿದ್ದರು, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಮೈಸೂರು ಪೇಟ ಅಪ್ಪನಿಗೆ ದೊಡ್ಡದಾಗಿ ಕಿವಿಯವರೆಗೆ ಇಳಿದಿತ್ತು. ಭಾಷಣ ಮಾಡಿದವರೆಲ್ಲ "ಹೋರಾಟದ ಸಿಂಹ" ಅಂದರು. ನನಗೆ ನಗು ಬಂತು. ನಾವು ನೋಡಿದ ಅಪ್ಪ ಯಾವತ್ತು ಗರ್ಜಿಸಿದ್ದರು? ನಮ್ಮವರ ಜಾತಿ ಗೊತ್ತಾದ ಮೇಲೆ ಬಾಡಿಗೆಗೆ ಮನೆ ಇಲ್ಲ ಎಂದವರ ಬಾಗಿಲಿಗೆ ಹೋಗಿ, ಕೈಮುಗಿದು, ಮೊದಲು ನೀರು ಕೇಳುತ್ತಿದ್ದರು, ಅಷ್ಟೇ. ಪ್ಲಾಸ್ಟಿಕ್ ಲೋಟದಲ್ಲಿ ಬಂದರೆ ಪಕ್ಕಕ್ಕಿಟ್ಟು ಗೇಟಿನ ಬಳಿ ಕೂತುಬಿಡುತ್ತಿದ್ದರು. "ನೀವು ಕುಡಿಯೋ ಲೋಟದಲ್ಲೇ ಕೊಡಿ ತಾಯಿ, ನಂಗೇನೂ ಅವಸರ ಇಲ್ಲ." ಆ ಲೋಟ ಬಂದ ಮೇಲೆಯೇ ಬಾಡಿಗೆಯ ಮಾತು. ಎಷ್ಟೋ ಮನೆಗಳಲ್ಲಿ ಬರಲೇ ಇಲ್ಲ. ಆಗ ಮರುದಿನ ಮತ್ತೆ ಹೋಗುತ್ತಿದ್ದರು.

ನಿನಗೆ ನೆನಪಿದೆಯೋ ಇಲ್ಲವೋ, ಒಮ್ಮೆ ನೀನು ನಿನ್ನ ಸ್ಕೂಲಿನ ನೀರಿನ ಬಾಟಲಿಯನ್ನು ಅಪ್ಪನ ಕೊರಳಿಗೆ ಹಾಕಿ, ಇನ್ನು ಯಾರ ಮನೆಯಲ್ಲೂ ಕೇಳಬೇಡ ಎಂದು ಅತ್ತಿದ್ದೆ. "ಇದು ನಿನ್ನ ನೀರು ಕಣೋ, ನಂಗೆ ಅವರ ಮನೆ ನೀರು ಬೇಕು" ಎಂದು ಅಪ್ಪ ನಕ್ಕಿದ್ದರು. ಆ ಬಾಟಲಿ ಹಾಕಿಕೊಂಡೇ ಹೋದರು, ಅದರಿಂದ ಒಂದು ಗುಟುಕೂ ಕುಡಿಯಲಿಲ್ಲ.

ಆ ದಿನಗಳಲ್ಲಿ ಅಪ್ಪ ಮನೆ ಕೊಡಿಸಿದ ಲಗ್ಗೆರೆಯ ದುರ್ಗವ್ವ ಮೊನ್ನೆ ಸನ್ಮಾನದ ವೇದಿಕೆಗೇ ಬಂದುಬಿಟ್ಟರು. ಸೆರಗಿನಡಿ ಚೊಂಬು. ಮೇಜಿನ ಮೇಲಿದ್ದ ಸೀಲ್ ಮಾಡಿದ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ, "ಯಪ್ಪಾ, ಮೊದ್ಲ ನಮ್ಮನಿ ನೀರು ಕುಡೀರಿ, ಆಮ್ಯಾಲ ಮಾತಾಡೀರಂತ" ಅಂದರು. "ತಡಿಯಮ್ಮ, ಬಗ್ಗಿದ್ರೆ ಈ ಪೇಟ ಚೊಂಬೊಳಗೆ ಬೀಳುತ್ತೆ" ಎಂದರು ಅಪ್ಪ. ಸಭೆಯೆಲ್ಲ ನಕ್ಕಿತು. ಆಮೇಲೆ ಪೇಟ ತೆಗೆದಿಟ್ಟು, ಚೊಂಬು ಖಾಲಿಯಾಗುವವರೆಗೂ ಕುಡಿದರು.

ಆಹ್ವಾನ ಪತ್ರಿಕೆಯಲ್ಲಿ ನಿನ್ನ ಹೆಸರು ಹಾಕಿಸಬೇಡ ಎಂದು ನೀನೇ ಹೇಳಿದ್ದೆ, ನಾನು ಹಾಕಿಸಲಿಲ್ಲ. ಅಪ್ಪ ಅದನ್ನು ಓದಿ ಮಡಚಿ ಜೇಬಿಗಿಟ್ಟುಕೊಂಡರು. ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ನನ್ನ ಆಫೀಸಿನಲ್ಲಿ ಯಾರಾದರೂ "ನೀವು ಯಾವ ಕಡೆಯವರು?" ಎಂದರೆ ನಾನು ಇವತ್ತಿಗೂ ಬರೀ ಊರಿನ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಅಪ್ಪ ನಿಮ್ಮೆಲ್ಲರಿಗೂ ಆಶೀರ್ವಾದ ಹೇಳಿದ್ದಾರೆ. ಸನ್ಮಾನದ ಬುಟ್ಟಿಯಲ್ಲಿದ್ದ ಸೇಬನ್ನು ಸ್ಪಂದನಳಿಗೆಂದು ತೆಗೆದಿಟ್ಟಿದ್ದಾರೆ.

ನಿನ್ನ ಅಕ್ಕ,
ದೀಪ್ತಿ

ಮರೆಯುವ ಮುಂಚೆ, ಅಲ್ಲ, ಮರೆತಿರಲಿಲ್ಲ: ಸನ್ಮಾನ ಮುಗಿಸಿ ವಾಪಸ್ ಬರುವಾಗ ಆಟೋದಲ್ಲಿ ಅಪ್ಪ ಶಾಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು, "ರಾಜರಾಜೇಶ್ವರಿನಗರದಲ್ಲಿ ಭೈರೇಶನ ಮನೆಗೆ ಬರೋದು ಕಾವೇರಿ ನೀರಾ, ಬೋರ್ ನೀರಾ?" ನನಗೆ ಗೊತ್ತಿಲ್ಲ ಎಂದೆ. ನೀನು ಆ ಮನೆಗೆ ಹೋದಾಗಿನಿಂದ ಅಪ್ಪ ಒಮ್ಮೆಯೂ ಅಲ್ಲಿಗೆ ಬಂದಿಲ್ಲವಲ್ಲ. ಇಪ್ಪತ್ತೇಳನೇ ತಾರೀಕು ಭಾನುವಾರ ಅವರನ್ನು ಕರೆದುಕೊಂಡು ಬರುತ್ತೇನೆ. ಬಾಗಿಲಲ್ಲಿ ನೀರು ಕೇಳುತ್ತಾರೆ. ನೀನು ಕುಡಿಯುವ ಲೋಟದಲ್ಲಿ, ನಿನ್ನ ಅತ್ತೆಯ ಎದುರಿಗೇ, "ತಗೋ ಅಪ್ಪ" ಎಂದು ಕೊಡು. ಆಗುವುದಿಲ್ಲ ಎಂದಾದರೆ ಮೊದಲೇ ನನಗೆ ತಿಳಿಸು. ನಿನ್ನ ಗೇಟಿನ ಬಳಿ ಅಪ್ಪ ಕೂರುವುದನ್ನು ನಾನು ನೋಡಲಾರೆ. ಆಫೀಸಿನ ವಿಳಾಸ ಹೊಡೆದುಹಾಕಿ ಮನೆಯದನ್ನೇ ಬರೆದಿದ್ದೇನೆ. ಅಂಚೆಗೆ ಹಾಕುವುದು ನಾಳೆ, ಏಪ್ರಿಲ್ ಹದಿನೇಳು, ಗುರುವಾರ.